ಜೂಮಾ, ಪ್ರೈಮಾ? ರಾ ಫೈಲಾ, ಜೆಪೆಗ್ಗಾ? ಕೆಲಸದ ಫೋಟೋಗ್ರಾಫರಿಗೆ ಆಯ್ಕೆಯ ಮಾರ್ಗದರ್ಶಿ

ಫೋಟೋಗ್ರಫಿಯನ್ನೇ ಕೆಲಸ ಮಾಡಿಕೊಳ್ಳಲು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಜೂಮ್ (ನೋಟವನ್ನು ಹಿಗ್ಗಿಸಿ ಕುಗ್ಗಿಸಬಹುದಾದ ಲೆನ್ಸ್) ತಗೊಳ್ಳಲಾ, ಪ್ರೈಮ್ (ಒಂದೇ ನೋಟದ ಲೆನ್ಸ್) ತಗೊಳ್ಳಲಾ? ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ ಕ್ಯಾಮೆರಾ) ಬೇಕೇಬೇಕಾ? ರಾ ಫೈಲ್ (ಸೆನ್ಸರಿನಿಂದ ಬಂದ ಕಚ್ಚಾ ಮಾಹಿತಿ) ತೆಗೆದರೆ ಕಾರ್ಡ್ ಬೇಗ ತುಂಬುತ್ತದೆ, ಜೆಪೆಗ್ (ಕ್ಯಾಮೆರಾವೇ ಸಿದ್ಧಮಾಡಿ ಕೊಡುವ ಸಣ್ಣ ಫೈಲ್) ಸಾಲದಾ? ಉತ್ತರವನ್ನು ಎಲ್ಲರೂ ಗುಣಮಟ್ಟದ ಲೆಕ್ಕದಲ್ಲೇ ಹುಡುಕುತ್ತಾರೆ. ಯಾವುದು ಜಾಸ್ತಿ ಶಾರ್ಪ್, ಯಾವುದರಲ್ಲಿ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಕಡಿಮೆ ಅಂತ. ನಾನು ಮೊದಲು ಕೇಳುವುದು ಬೇರೆ: ನೀವು ತೆಗೆಯುವ ಚಿತ್ರವನ್ನು ಇನ್ನೊಂದು ಸಲ ತೆಗೆಯಲು ಆಗುತ್ತದಾ?

ಸ್ಟುಡಿಯೋದಲ್ಲಿ ಒಂದು ಬಾಟಲಿಯ ಫೋಟೋ ಸರಿಬರದಿದ್ದರೆ ಲೈಟನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಮತ್ತೆ ತೆಗೆಯಬಹುದು. ಮದುವೆಯಲ್ಲಿ ಅಪ್ಪ ಮಗಳನ್ನು ತಬ್ಬಿಕೊಂಡು ಕಣ್ಣೊರೆಸಿಕೊಂಡ ಗಳಿಗೆ ತಪ್ಪಿದರೆ ತಪ್ಪಿತು. ಓಟದ ಸ್ಪರ್ಧೆಯಲ್ಲಿ ಗೆರೆ ದಾಟಿದ ಕ್ಷಣವೂ ಹಾಗೇ. ಮೊದಲನೇ ಥರದ ಕೆಲಸಕ್ಕೆ ಅತ್ಯುತ್ತಮ ಗುಣಮಟ್ಟ ಕೊಡುವ ಸಾಮಾನು ಬೇಕು. ಎರಡನೇ ಥರದ್ದಕ್ಕೆ ಕೈ ಕೊಡದ ಸಾಮಾನು ಬೇಕು. ಇವೆರಡೂ ಒಂದೇ ಪೆಟ್ಟಿಗೆಯಲ್ಲಿ ಸಿಗುವುದು ಕಡಿಮೆ.

ಜೂಮ್ ಮತ್ತು ಪ್ರೈಮ್

ಕೆಲಸ ಮಾಡುವವರ ಬ್ಯಾಗಿನಲ್ಲಿ ಹೆಚ್ಚಾಗಿ ಕಾಣುವ ಜೂಮ್ ಅಂದರೆ 24-70 ಎಂಎಂ ಎಫ್/2.8. ಅದರ ಎದುರು ನಿಲ್ಲುವುದು 35, 50, 85 ಎಂಎಂ ಪ್ರೈಮ್‌ಗಳು, ಎಫ್/1.8 ಅಥವಾ ಎಫ್/1.4ರವು. ಎಂಎಂ ಜಾಸ್ತಿಯಾದಷ್ಟೂ ನೋಟ ಬಿಗಿ, ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟೂ ಬೆಳಕು ಬರುವ ಕಿಂಡಿ (ಅಪರ್ಚರ್) ದೊಡ್ಡದು. ಎಫ್/2.8ಕ್ಕಿಂತ ಎಫ್/1.4ರಲ್ಲಿ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು) ಬೆಳಕು ಜಾಸ್ತಿ ಸಿಗುತ್ತದೆ, ಅಂದರೆ ನಾಲ್ಕು ಪಟ್ಟು. ಜೂಮ್‌ನಲ್ಲಿ ಐಎಸ್ಒ (ಏರಿಸಿದಷ್ಟೂ ಚಿತ್ರ ಬೆಳಗುತ್ತದೆ, ನಾಯ್ಸೂ ಹೆಚ್ಚುತ್ತದೆ) 6400 ಬೇಕಾಗುವ ಕಡೆ ಪ್ರೈಮ್‌ನಲ್ಲಿ 1600 ಸಾಕು. ಇಷ್ಟೇ ನೋಡಿದರೆ ಪ್ರೈಮ್ ಗೆದ್ದಂತೆ.

ಕೆಲಸದ ಜಾಗದಲ್ಲಿ ಏನಾಗುತ್ತದೆ ನೋಡಿ. ನೀವು 85 ಹಾಕಿಕೊಂಡು ಒಬ್ಬರ ಮುಖ ತೆಗೆಯುತ್ತಿದ್ದೀರಿ. ಅಷ್ಟರಲ್ಲಿ ಹತ್ತು ಜನ ಬಂದು ಸಾಲಾಗಿ ನಿಂತು ಒಂದು ಗ್ರೂಪ್ ಫೋಟೋ ಅನ್ನುತ್ತಾರೆ. ಹಿಂದೆ ಸರಿಯೋಣ ಅಂದರೆ ಗೋಡೆ. ಬ್ಯಾಗಿನ ಜಿಪ್ ಎಳೆಯಬೇಕು. 35ರ ಹಿಂಬದಿ ಮುಚ್ಚಳ ಸಡಿಲ ಮಾಡಿಟ್ಟುಕೊಳ್ಳಬೇಕು. ಬಾಡಿಯ ಗುಂಡಿ ಒತ್ತಿ ಹಿಡಿದು 85ನ್ನು ತಿರುಗಿಸಿ ತೆಗೆಯಬೇಕು. ಈಗ ಎರಡು ಕೈಯಲ್ಲಿ ಎರಡು ಲೆನ್ಸ್, ಕ್ಯಾಮೆರಾ ಕುತ್ತಿಗೆಯಲ್ಲಿ ಬಾಯಿ ತೆರೆದುಕೊಂಡು ನೇತಾಡುತ್ತಿದೆ, ಸೆನ್ಸರ್ ಮೇಲೆ ಧೂಳು ಕೂರಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. 35 ಕೂರಿಸಿ ತಲೆ ಎತ್ತುವಷ್ಟರಲ್ಲಿ ಸಾಲಿನ ತುದಿಯ ಮಗು ಓಡಿಹೋಗಿದೆ, ಇಬ್ಬರು ಫೋನ್ ತೆಗೆದಿದ್ದಾರೆ. ಜೂಮ್ ಇದ್ದವರು ಉಂಗುರ ತಿರುಗಿಸಿ ಅಷ್ಟರಲ್ಲಿ ನಾಲ್ಕೈದು ಫ್ರೇಮ್ ತೆಗೆದಿರುತ್ತಾರೆ.

ಅಪರ್ಚರ್ ವಿಷಯದಲ್ಲೂ ಒಂದು ಮಾತಿದೆ. ಲೆನ್ಸ್ ಮೇಲೆ 1.8 ಅಂತ ಬರೆದಿದೆ ಅಂದಮಾತ್ರಕ್ಕೆ ಎಲ್ಲ ಕಡೆ ಅದನ್ನು ಬಳಸಲು ಆಗುವುದಿಲ್ಲ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 85 ಎಂಎಂ ಲೆನ್ಸನ್ನು ಎಫ್/1.8ಕ್ಕೆ ಇಟ್ಟು ಎರಡು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 6 ಸೆಂಟಿಮೀಟರ್ ಅಷ್ಟೇ. ಕಣ್ಣಿಗೆ ಫೋಕಸ್ ಇಟ್ಟರೆ ಕಿವಿ ಮಸುಕು. ಒಬ್ಬರ ಮುಖಕ್ಕೆ ಅದು ಚೆಂದ. 50 ಎಂಎಂ ಎಫ್/1.8ರಲ್ಲಿ ಮೂರು ಮೀಟರ್ ದೂರದಿಂದ ಗುಂಪು ತೆಗೆದರೆ ಸಿಗುವ ಆಳ ಸುಮಾರು 40 ಸೆಂಟಿಮೀಟರ್. ಮುಂದಿನ ಸಾಲಿಗೆ ಫೋಕಸ್ ಇದ್ದರೆ ಹಿಂದಿನ ಸಾಲಿನವರ ಮುಖ ಹೋಯಿತು. ಎಫ್/5.6ಕ್ಕೆ ಮುಚ್ಚಿದರೆ ಅದೇ ಜಾಗದಲ್ಲಿ ಒಂದು ಮೀಟರ್‌ಗಿಂತ ಜಾಸ್ತಿ ಸಿಗುತ್ತದೆ. ಕ್ಯಾಮೆರಾದ ಪುಟ್ಟ ಸ್ಕ್ರೀನಿನಲ್ಲಿ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ. ಮಸುಕು ಗೊತ್ತಾಗುವುದು ಆಲ್ಬಮ್ ಪ್ರಿಂಟ್ ಆದಮೇಲೆ. ಗುಂಪು ತೆಗೆದ ತಕ್ಷಣ ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ಹಿಂದಿನ ಸಾಲಿನ ಮೂಲೆಯ ಮುಖ ನೋಡಿ, ಆಮೇಲೆ ಜನರನ್ನು ಬಿಡಿ.

ಹಾಗಾಗಿ ಗುಂಪಿನ ಫೋಟೋಗೆ ಪ್ರೈಮ್‌ನ ಬೆಳಕಿನ ಲಾಭ ಸಿಗುವುದೇ ಇಲ್ಲ. ಒಬ್ಬರು ಅಥವಾ ಇಬ್ಬರು, ಮಂದ ಬೆಳಕು, ನಿಮ್ಮ ಕೈಯಲ್ಲಿ ಸಮಯ ಇರುವಾಗ ಮಾತ್ರ ಸಿಗುತ್ತದೆ. ಸಿಕ್ಕಾಗ ಮಾತ್ರ ಅದರ ಚಿತ್ರಕ್ಕೆ ಜೂಮ್ ಸಾಟಿಯಲ್ಲ. ಹಿನ್ನೆಲೆ ಕರಗುವ ರೀತಿಯೇ ಬೇರೆ. ಭಾರವನ್ನೂ ಮರೆಯಬೇಡಿ. 50 ಎಂಎಂ ಎಫ್/1.8 ಲೆನ್ಸುಗಳಲ್ಲಿ ಹಲವು 200 ಗ್ರಾಂ ಸುತ್ತಮುತ್ತ ಇರುತ್ತವೆ. 24-70 ಎಫ್/2.8 ಹೆಚ್ಚಾಗಿ 700 ಗ್ರಾಂನಿಂದ ಒಂದು ಕಿಲೋ ತೂಗುತ್ತದೆ. ಬೆಳಗಿನಿಂದ ರಾತ್ರಿವರೆಗೆ ಹಿಡಿದರೆ ಮಣಿಕಟ್ಟು ನೋಯುತ್ತದೆ, ನೋಯುವ ಕೈ ಅಲುಗುತ್ತದೆ, ಕೊನೆಯ ಗಂಟೆಯ ಫೋಟೋಗಳು ಶೇಕ್ ಆಗುತ್ತವೆ.

ನನ್ನ ತೀರ್ಮಾನ ಇದು. ಸಮಾರಂಭ, ಸುದ್ದಿ, ಕಾರ್ಯಕ್ರಮ ತೆಗೆಯುವವರು ಮೊದಲ ಲೆನ್ಸಾಗಿ ಎಫ್/2.8 ಜೂಮ್ ತಗೊಳ್ಳಿ. ಎರಡನೆಯದು 85 ಎಫ್/1.8 ಇರಲಿ. ಭಾವಚಿತ್ರ, ಮಕ್ಕಳ ಫೋಟೋ, ವಸ್ತುಗಳ ಫೋಟೋ ತೆಗೆಯುವವರು ಪ್ರೈಮ್‌ನಿಂದಲೇ ಶುರು ಮಾಡಿ, ಜೂಮ್ ಆಮೇಲೆ ನೋಡೋಣ. ಕ್ಯಾಮೆರಾ ಜೊತೆ ಬರುವ ಎಫ್/3.5-5.6 ಜೂಮ್ ಇದೆಯಲ್ಲ, ಹಗಲು ಬೆಳಕಿನಲ್ಲಿ ಅದೂ ಒಳ್ಳೆಯ ಲೆನ್ಸೇ. ಒಳಾಂಗಣದಲ್ಲಿ ಕೆಲಸ ಇದ್ದರೆ ಅದನ್ನು ಮಾತ್ರ ನಂಬಿಕೊಂಡು ಹೋಗಬೇಡಿ.

ರಾ ಮತ್ತು ಜೆಪೆಗ್

ಜೆಪೆಗ್ 1992ರಲ್ಲಿ ಒಪ್ಪಿಗೆಯಾದ ಹಳೆಯ ಮಾನದಂಡ. ಪ್ರತಿ ಬಣ್ಣಕ್ಕೆ 8 ಬಿಟ್, ಅಂದರೆ 256 ಮೆಟ್ಟಿಲು. ಈಗಿನ ಒಳ್ಳೆಯ ಕ್ಯಾಮೆರಾಗಳ ರಾ ಫೈಲ್ 14 ಬಿಟ್, ಅಂದರೆ 16,384 ಮೆಟ್ಟಿಲು. ತೆಗೆದ ಹಾಗೇ ನೋಡಿದರೆ ಎರಡರ ನಡುವೆ ವ್ಯತ್ಯಾಸ ಕಾಣುವುದಿಲ್ಲ. ಕಾಣುವುದು ಎಡಿಟಿಂಗ್‌ನಲ್ಲಿ ನೆರಳನ್ನು ಎತ್ತಿದಾಗ, ಆಕಾಶದ ನೀಲಿಯನ್ನು ಸ್ವಲ್ಪ ತಿದ್ದಿದಾಗ. ಜೆಪೆಗ್‌ನಲ್ಲಿ ಆಕಾಶ ಪಟ್ಟಿಪಟ್ಟಿಯಾಗಿ ಒಡೆಯುತ್ತದೆ. ರಾ ತಡೆದುಕೊಳ್ಳುತ್ತದೆ.

ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಲಾಭ ವೈಟ್ ಬ್ಯಾಲೆನ್ಸ್‌ನದು, ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಸರಿಹೊಂದಿಸುವುದು. ಒಂದು ಕೋಣೆಯನ್ನು ಕಲ್ಪಿಸಿಕೊಳ್ಳಿ. ಕಿಟಕಿಯಿಂದ 5500 ಕೆಲ್ವಿನ್ ಹಗಲು ಬೆಳಕು, ಚಾವಣಿಯಲ್ಲಿ 3000 ಕೆಲ್ವಿನ್ ಹಳದಿ ಬಲ್ಬು, ವೇದಿಕೆಯ ಮೇಲೆ ಬಣ್ಣದ ಎಲ್ಇಡಿ. ಜನ ಒಂದರಿಂದ ಒಂದಕ್ಕೆ ನಡೆದಾಡುತ್ತಾರೆ. ಆಟೋ ವೈಟ್ ಬ್ಯಾಲೆನ್ಸ್ ಪ್ರತಿ ಫ್ರೇಮಿಗೂ ಬೇರೆ ಬೇರೆ ಊಹೆ ಮಾಡುತ್ತದೆ. ಜೆಪೆಗ್‌ನಲ್ಲಿ ಆ ಊಹೆ ಫೈಲಿನೊಳಗೇ ಗಟ್ಟಿಯಾಗಿಬಿಡುತ್ತದೆ. ಮುಖ ಕಿತ್ತಳೆಯಾಗಿದ್ದರೆ ಅದನ್ನು ಪೂರ್ತಿ ಸರಿಮಾಡುವುದು ಕಷ್ಟ. ರಾ ಫೈಲಿನಲ್ಲಿ ವೈಟ್ ಬ್ಯಾಲೆನ್ಸ್ ಅನ್ನುವುದು ಬರೀ ಒಂದು ಟಿಪ್ಪಣಿ. ಮನೆಗೆ ಬಂದು ಕೂತು ಎಳೆದರೆ ಬದಲಾಗುತ್ತದೆ, ಏನೂ ಕಳೆದುಹೋಗುವುದಿಲ್ಲ.

ಹಾಗಂತ ರಾ ಇದೆ ಅಂತ ಧೈರ್ಯ ಮಾಡಿ ಎಕ್ಸ್‌ಪೋಷರ್ ಕಡೆ ಗಮನ ಬಿಡಬೇಡಿ. ಬಿಳಿ ಉಡುಪಿನ ಮೇಲೆ ಬಿಸಿಲು ಬಿದ್ದು ಸೆನ್ಸರ್ ಪೂರ್ತಿ ತುಂಬಿಹೋಗಿದ್ದರೆ ಅಲ್ಲಿ ಮಾಹಿತಿಯೇ ಇಲ್ಲ, ರಾ ಆದರೂ ಅಷ್ಟೇ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ: ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆ ಅಂತ ತೋರಿಸುವ ನಕ್ಷೆ) ಸಾಮಾನ್ಯವಾಗಿ ಜೆಪೆಗ್ ಲೆಕ್ಕದ್ದು. ನೀವು ರಾ ತೆಗೆಯುತ್ತಿದ್ದರೂ ಹಾಗೇ. ಅದು ಬಲತುದಿಗೆ ಸ್ವಲ್ಪ ತಾಗಿದರೆ ರಾ ಫೈಲಿನಲ್ಲಿ ಇನ್ನೂ ಜಾಗ ಇರುತ್ತದೆ. ಎಷ್ಟು ಅನ್ನುವುದು ಒಂದೊಂದು ಕ್ಯಾಮೆರಾಕ್ಕೆ ಒಂದೊಂದು ಥರ, ನಿಮ್ಮದನ್ನು ಬಿಡುವಿನ ದಿನ ಒಂದು ಬಿಳಿ ಬಟ್ಟೆ ಇಟ್ಟು ಪರೀಕ್ಷೆ ಮಾಡಿ.

ಜೆಪೆಗ್‌ನ ಕಡೆಯೂ ನ್ಯಾಯ ಇದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಕಂಪ್ರೆಸ್ ಮಾಡಿದ ರಾ ಫೈಲ್ ಸುಮಾರು 25ರಿಂದ 30 ಎಂಬಿ, ಒಳ್ಳೆಯ ಜೆಪೆಗ್ ಸುಮಾರು 10 ಎಂಬಿ. ಆಟದ ಮೈದಾನದಿಂದ ನಿಮಿಷದೊಳಗೆ ಚಿತ್ರ ಕಳಿಸಬೇಕಾದವರಿಗೆ ಈ ವ್ಯತ್ಯಾಸ ದೊಡ್ಡದು. ಸುದ್ದಿಯವರಿಗೆ ಇನ್ನೊಂದು ಕಾರಣವೂ ಇದೆ. 2015ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ತನ್ನ ಫ್ರೀಲಾನ್ಸ್ ಫೋಟೋಗ್ರಾಫರುಗಳಿಗೆ ರಾ ಫೈಲಿನಿಂದ ಸಂಸ್ಕರಿಸಿದ ಚಿತ್ರ ಕಳಿಸಬೇಡಿ, ಕ್ಯಾಮೆರಾದಲ್ಲೇ ಜೆಪೆಗ್ ಆಗಿ ತೆಗೆದದ್ದನ್ನು ಕಳಿಸಿ ಅಂತ ಹೇಳಿತು. ವೇಗ ಒಂದು ಕಾರಣ, ಚಿತ್ರದಲ್ಲಿ ಕೈಯಾಡಿಸುವುದು ಕಡಿಮೆಯಾಗಲಿ ಅನ್ನುವುದು ಇನ್ನೊಂದು.

ನನ್ನ ಕೆಲಸದಲ್ಲಿ ನಾನು ಎರಡನ್ನೂ ಒಟ್ಟಿಗೆ ತೆಗೆಯುತ್ತೇನೆ. ಅವತ್ತೇ ನಾಲ್ಕು ಚಿತ್ರ ಕಳಿಸಿ ಅಂತ ಕ್ಲೈಂಟ್ ಕೇಳಿದರೆ ಜೆಪೆಗ್ ಫೋನಿಗೆ ಹೋಗುತ್ತದೆ. ರಾ ಕಂಪ್ಯೂಟರಿಗೆ ಹೋಗುತ್ತದೆ. ಒಂದೇ ಆರಿಸಿ ಅಂದರೆ, ಮತ್ತೆ ತೆಗೆಯಲಾಗದ ಚಿತ್ರಕ್ಕೆ ರಾ ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ಬಾಡಿ: ದೊಡ್ಡ ಸೆನ್ಸರ್ ಒಂದಾ, ಸಾಧಾರಣ ಕ್ಯಾಮೆರಾ ಎರಡಾ

ಫುಲ್ ಫ್ರೇಮ್ ಸೆನ್ಸರ್ 36x24 ಎಂಎಂ. ಎಪಿಎಸ್-ಸಿ ಅನ್ನುವ ಸಣ್ಣ ಸೆನ್ಸರ್ ಸುಮಾರು 23.5x15.6 ಎಂಎಂ. ವಿಸ್ತೀರ್ಣದಲ್ಲಿ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ, ನಾಯ್ಸ್ ಲೆಕ್ಕದಲ್ಲಿ ಒಂದು ಸ್ಟಾಪ್‌ಗಿಂತ ತುಸು ಹೆಚ್ಚು. ಕತ್ತಲೆ ಸಭಾಂಗಣದಲ್ಲಿ ಇದು ಕಾಣುತ್ತದೆ, ಹಗಲಲ್ಲಿ ಕಾಣುವುದಿಲ್ಲ. ಹಕ್ಕಿ, ಆಟೋಟ ತೆಗೆಯುವವರಿಗೆ ಎಪಿಎಸ್-ಸಿಯಲ್ಲೇ ಲಾಭ: 200 ಎಂಎಂ ಲೆನ್ಸು ಫುಲ್ ಫ್ರೇಮ್‌ನ 300 ಎಂಎಂನಷ್ಟು ಬಿಗಿಯಾದ ನೋಟ ಕೊಡುತ್ತದೆ. ಮೆಗಾಪಿಕ್ಸೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 24 ಮೆಗಾಪಿಕ್ಸೆಲ್ ಅಂದರೆ 6000x4000. 300 ಡಿಪಿಐನಲ್ಲಿ ಪ್ರಿಂಟ್ ಮಾಡಿದರೆ 20 ಇಂಚು ಅಗಲ ಬರುತ್ತದೆ, ಎ3 ಹಾಳೆ ತುಂಬಿ ಇನ್ನೂ ಉಳಿಯುತ್ತದೆ.

ಇದ್ದ ದುಡ್ಡಿನಲ್ಲಿ ಒಂದು ದುಬಾರಿ ಫುಲ್ ಫ್ರೇಮ್ ಅಥವಾ ಎರಡು ಸಾಧಾರಣ ಬಾಡಿ ಅಂತ ಬಂದರೆ ಸಂಭಾವನೆ ತಗೊಂಡು ಕೆಲಸ ಮಾಡುವವರು ಎರಡು ಬಾಡಿ ತಗೊಳ್ಳಿ. ಇದರಲ್ಲಿ ನಾನು ಸ್ವಲ್ಪ ಹಟಮಾರಿ. ಶಟರ್ ಯಾವಾಗ ಕೈಕೊಡುತ್ತದೆ ಅಂತ ಹೇಳಲು ಬರುವುದಿಲ್ಲ. ಎರಡೂ ಒಂದೇ ಮಾದರಿ ಆಗಿದ್ದರೆ ಇನ್ನೂ ಒಳ್ಳೆಯದು: ಒಂದೇ ಬ್ಯಾಟರಿ, ಒಂದೇ ಚಾರ್ಜರ್, ಗುಂಡಿಗಳು ಒಂದೇ ಜಾಗದಲ್ಲಿ. ಒಂದಕ್ಕೆ 24-70, ಇನ್ನೊಂದಕ್ಕೆ 85 ಹಾಕಿ ಹೆಗಲಿಗೆ ಇಳಿಬಿಟ್ಟರೆ ಮೇಲೆ ಹೇಳಿದ ಜೂಮ್-ಪ್ರೈಮ್ ಜಗಳವೇ ಮುಗಿಯಿತು. ಶುರುವಿಗೆ ಮುನ್ನ ಎರಡರ ಗಡಿಯಾರ ಸೆಕೆಂಡಿನವರೆಗೆ ಒಂದೇ ಮಾಡಿಕೊಳ್ಳಿ. ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಫೋಟೋಗಳು ಹಿಂದೆಮುಂದೆ ಆಗಿ ಆಯ್ಕೆ ಮಾಡುವಾಗ ಗೋಳು.

ಡಿಎಸ್ಎಲ್ಆರಾ (ಒಳಗೆ ಕನ್ನಡಿ ಇರುವ ಕ್ಯಾಮೆರಾ), ಮಿರರ್‌ಲೆಸ್ಸಾ (ಕನ್ನಡಿ ಇಲ್ಲದ್ದು)? ಹೊಸದು ತಗೊಳ್ಳುವವರಿಗೆ ಈ ಪ್ರಶ್ನೆ ಮುಗಿದಿದೆ. ಕ್ಯಾನನ್, ನಿಕಾನ್ ಎರಡೂ 2020ರಲ್ಲಿ ತಮ್ಮ ದೊಡ್ಡ ಡಿಎಸ್ಎಲ್ಆರ್‌ಗಳನ್ನು ಮಾರುಕಟ್ಟೆಗೆ ತಂದಮೇಲೆ ಹೊಸ ಲೆನ್ಸು, ಹೊಸ ಬಾಡಿ ಎಲ್ಲ ಮಿರರ್‌ಲೆಸ್ ಕಡೆಗೇ ಹೋಗಿವೆ. ಕಣ್ಣು ಹುಡುಕಿ ಫೋಕಸ್ ಮಾಡುವ ಸೌಕರ್ಯ ಒಂದೇ ಸಾಕು, ಬದಲಾಯಿಸಲು. ಆದರೆ ಈಗಾಗಲೇ ಇರುವ ಡಿಎಸ್ಎಲ್ಆರ್ ಕೆಲಸ ಮಾಡುತ್ತಿದ್ದರೆ ಸುಮ್ನೆ ಮಾರಬೇಡಿ. ಅದರ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ. ಎರಡನೇ ಬಾಡಿಯಾಗಿ ಅದು ಚಿನ್ನ.

ಮಿರರ್‌ಲೆಸ್‌ಗೆ ಹೋದವರು ಸದ್ದಿಲ್ಲದ ಶಟರ್ ಬಗ್ಗೆ ಒಂದು ಎಚ್ಚರಿಕೆ ಇಟ್ಟುಕೊಳ್ಳಿ. ಪ್ರಾರ್ಥನೆ, ನಾಟಕ, ಸಂಗೀತ ಕಛೇರಿಗೆ ಅದು ತುಂಬ ಒಳ್ಳೆಯದು. ಆದರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಎಲೆಕ್ಟ್ರಾನಿಕ್ ಶಟರ್ ಇಡೀ ಸೆನ್ಸರನ್ನು ಒಂದೇ ಸಲಕ್ಕೆ ಓದುವುದಿಲ್ಲ, ಸಾಲುಸಾಲಾಗಿ ಓದುತ್ತದೆ. 50 ಹರ್ಟ್ಸ್ ವಿದ್ಯುತ್ತಿನ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಓದುವಾಗ ಮಧ್ಯೆ ಬೆಳಕು ಏರಿಳಿದರೆ ಚಿತ್ರದ ಮೇಲೆ ಅಡ್ಡಪಟ್ಟಿ ಬೀಳುತ್ತದೆ. 50 ಹರ್ಟ್ಸ್ ಇರುವ ಕಡೆ ಶಟರ್ 1/50 ಅಥವಾ 1/100ಕ್ಕೆ ಇಟ್ಟರೆ ಬಹುಪಾಲು ತಪ್ಪುತ್ತದೆ, 60 ಹರ್ಟ್ಸ್ ಇರುವ ಕಡೆ 1/60 ಅಥವಾ 1/125. ವೇದಿಕೆಯ ಎಲ್ಇಡಿಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ಅಲ್ಲಿ ಯಾಂತ್ರಿಕ ಶಟರ್‌ಗೇ ವಾಪಸ್ ಬನ್ನಿ. ಒಂದೆರಡು ಫ್ರೇಮ್ ತೆಗೆದು ಪಟ್ಟಿ ಇದೆಯಾ ಅಂತ ನೋಡಿಯೇ ಮುಂದುವರಿಯಿರಿ, ಆಮೇಲೆ ಆ ಪಟ್ಟಿಯನ್ನು ಅಳಿಸುವುದು ಕಷ್ಟ.

ಫ್ಲ್ಯಾಶಾ, ಇರುವ ಬೆಳಕಾ

ಈಗಿನ ಸೆನ್ಸರುಗಳಲ್ಲಿ ಐಎಸ್ಒ 6400 ಕೂಡ ನೆಮ್ಮದಿಯಾಗಿ ಬಳಸಬಹುದು, ಹಾಗಾಗಿ ಫ್ಲ್ಯಾಶ್ ಬೇಡ ಅನ್ನುವವರು ಜಾಸ್ತಿಯಾಗಿದ್ದಾರೆ. ಅವರು ಬೆಳಕು ಎಷ್ಟಿದೆ ಅಂತ ನೋಡುತ್ತಾರೆ, ಎಲ್ಲಿಂದ ಬರುತ್ತಿದೆ ಅಂತ ನೋಡುವುದಿಲ್ಲ. ನೆತ್ತಿಯ ಮೇಲಿನ ದೀಪದಲ್ಲಿ ಕಣ್ಣಿನ ಗುಳಿ ಕಪ್ಪಾಗುತ್ತದೆ. ಐಎಸ್ಒ ಎಷ್ಟು ಏರಿಸಿದರೂ ಆ ನೆರಳು ಅಲ್ಲೇ ಇರುತ್ತದೆ. ಫ್ಲ್ಯಾಶನ್ನು ಚಾವಣಿಗೋ ಪಕ್ಕದ ಗೋಡೆಗೋ ತಿರುಗಿಸಿ ಹೊಡೆದರೆ ಇಡೀ ಗೋಡೆಯೇ ದೊಡ್ಡ ದೀಪವಾಗುತ್ತದೆ, ಮುಖ ಮೃದುವಾಗುತ್ತದೆ. ನೇರವಾಗಿ ಮುಖಕ್ಕೆ ಹೊಡೆದ ಫ್ಲ್ಯಾಶ್ ನೋಡಿಯೇ ಜನ ಫ್ಲ್ಯಾಶ್ ಅಂದರೆ ಮೂಗು ಮುರಿಯುವುದು.

ಇದಕ್ಕೂ ಮಿತಿ ಇದೆ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲುಭಾಗ. ಚಾವಣಿ ತೀರಾ ಎತ್ತರ ಇದ್ದರೆ ಫ್ಲ್ಯಾಶ್ ಪೂರ್ತಿ ಶಕ್ತಿಯಲ್ಲಿ ಉರಿದು ಬಿಸಿಯಾಗುತ್ತದೆ, ಮುಂದಿನ ಹೊಡೆತಕ್ಕೆ ಕಾಯಿಸುತ್ತದೆ. ಚಾವಣಿ ಹಸಿರಾಗಿದ್ದರೆ ಮುಖವೂ ಹಸಿರು. ಮರದ ಚಾವಣಿಯಾದರೆ ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಹೊರಗೆ ಬಿಸಿಲಿನಲ್ಲಿ ಬಳಸುವುದಾದರೆ ಮಾಮೂಲಿ ಸಿಂಕ್ ವೇಗ (ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ವೇಗದ ಶಟರ್) 1/200 ಅಥವಾ 1/250 ಅನ್ನುವುದು ನೆನಪಿರಲಿ. ಅದಕ್ಕಿಂತ ವೇಗ ಬೇಕಾದರೆ ಹೈ ಸ್ಪೀಡ್ ಸಿಂಕ್ ಇರುವ ಫ್ಲ್ಯಾಶ್ ಬೇಕು, ಅದರಲ್ಲಿ ಶಕ್ತಿ ಕಡಿಮೆಯಾಗುತ್ತದೆ.

ಹಾಗಾದರೆ ಯಾವಾಗ ಯಾವುದು? ಜನ ತಮ್ಮ ಪಾಡಿಗೆ ಇರುವಾಗ, ಕಿಟಕಿಯ ಪಕ್ಕ, ಭಾವುಕ ಗಳಿಗೆಗಳಲ್ಲಿ ಇರುವ ಬೆಳಕು. ಗುಂಪು, ಕುಣಿತ, ತಲೆ ಮೇಲಿನ ದೀಪ ಇರುವ ಕಡೆ ಫ್ಲ್ಯಾಶ್. ಫ್ಲ್ಯಾಶ್ ಹಾಕಿದರೂ ಶಟರನ್ನು 1/60 ಹತ್ತಿರ ಇಳಿಸಿ, ಐಎಸ್ಒ 1600 ಇಟ್ಟು ಹಿನ್ನೆಲೆಯ ಬೆಳಕೂ ಒಳಬರುವಂತೆ ಮಾಡಿ. ಇಲ್ಲದಿದ್ದರೆ ಮುಖ ಬೆಳ್ಳಗೆ, ಹಿಂದೆ ಗುಹೆ.

ಕಾರ್ಡ್ ಮತ್ತು ಬ್ಯಾಕಪ್

256 ಜಿಬಿಯ ಒಂದೇ ಕಾರ್ಡಾ, 64 ಜಿಬಿಯ ನಾಲ್ಕಾ? ಉತ್ತರ ನಿಮ್ಮ ಕ್ಯಾಮೆರಾದಲ್ಲಿದೆ. ಎರಡು ಸ್ಲಾಟ್ ಇದ್ದು, ಪ್ರತಿ ಚಿತ್ರ ಎರಡಕ್ಕೂ ಬರೆಯುವಂತೆ ಇಟ್ಟಿದ್ದರೆ ದೊಡ್ಡ ಕಾರ್ಡ್ ಒಳ್ಳೆಯದು. ಬದಲಾಯಿಸುವ ಗೋಜಿಲ್ಲ, ಕಳೆಯುವ ಭಯವೂ ಕಡಿಮೆ. ಒಂದೇ ಸ್ಲಾಟ್ ಇದ್ದರೆ ಸಣ್ಣ ಕಾರ್ಡುಗಳೇ ಸರಿ, ಒಂದು ಕೆಟ್ಟರೂ ಇಡೀ ದಿನ ಹೋಗುವುದಿಲ್ಲ. ಎರಡನೇ ಸ್ಲಾಟನ್ನು ಮೊದಲನೆಯದು ತುಂಬಿದ ಮೇಲೆ ಬಳಸುವಂತೆ ಇಡುವವರಿದ್ದಾರೆ. ಮತ್ತೆ ತೆಗೆಯಲಾಗದ ಕೆಲಸಕ್ಕೆ ಹಾಗೆ ಇಡಬೇಡಿ.

ಕಾರ್ಡಿನ ಮೇಲೆ ದೊಡ್ಡದಾಗಿ ಬರೆದ ವೇಗ ಹೆಚ್ಚಾಗಿ ಓದುವ ವೇಗ. ನೀವು ನೋಡಬೇಕಾದದ್ದು ವಿ30, ವಿ60, ವಿ90 ಗುರುತು. ವಿ30 ಅಂದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ನಿಲ್ಲದೆ ಬರೆಯುತ್ತದೆ ಅನ್ನುವ ಭರವಸೆ. ಬಿಡಿ ಫೋಟೋಗಳಿಗೆ ಅದು ಸಾಕು. ಕುಣಿತಕ್ಕೂ ಆಟಕ್ಕೂ ಗುಂಡಿ ಒತ್ತಿ ಹಿಡಿಯುವವರು ವಿ60ಕ್ಕೆ ಹೋಗಿ.

ಮನೆಗೆ ಬಂದಮೇಲೆ ಎಸ್‌ಎಸ್‌ಡಿಯಾ, ಹಾರ್ಡ್ ಡಿಸ್ಕಾ? ಎಡಿಟಿಂಗ್ ಎಸ್‌ಎಸ್‌ಡಿಯಲ್ಲಿ ಮಾಡಿ, ವರ್ಷಗಟ್ಟಲೆ ಇಡುವುದು ಹಾರ್ಡ್ ಡಿಸ್ಕಿನಲ್ಲಿ ಇಡಿ. ಎಸ್‌ಎಸ್‌ಡಿಯನ್ನು ಬಹಳ ಕಾಲ ವಿದ್ಯುತ್ ಇಲ್ಲದೆ ಕಪಾಟಿನಲ್ಲಿಟ್ಟರೆ ಒಳಗಿನ ಚಾರ್ಜ್ ಸೋರಿ ಮಾಹಿತಿ ಕೆಡುವ ಸಾಧ್ಯತೆ ಇದೆ. ಅಮೆರಿಕದ ಫೋಟೋಗ್ರಾಫರ್ ಪೀಟರ್ ಕ್ರೋ ಜನಪ್ರಿಯ ಮಾಡಿದ 3-2-1 ಲೆಕ್ಕವನ್ನು ನಾನು ಪಾಲಿಸುತ್ತೇನೆ: ಮೂರು ಪ್ರತಿ, ಎರಡು ಬೇರೆ ಥರದ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಕ್ಲೌಡ್ ಸಿಂಕ್ ಇದೆಯಲ್ಲ ಅಂತ ಸುಮ್ಮನಾಗಬೇಡಿ. ನೀವು ಇಲ್ಲಿ ಅಳಿಸಿದರೆ ಅದು ಅಲ್ಲಿಯೂ ಅಳಿಸುತ್ತದೆ. ಕಾರ್ಡ್ ಫಾರ್ಮ್ಯಾಟ್ ಮಾಡುವುದು ಎರಡು ಪ್ರತಿ ತೆರೆದು ನೋಡಿದ ಮೇಲೆ, ಅದೂ ಕ್ಯಾಮೆರಾದಲ್ಲೇ.

ಕೊಳ್ಳುವುದಾ, ಬಾಡಿಗೆಗೆ ತರುವುದಾ

ತಿಂಗಳಿಗೊಮ್ಮೆಯಾದರೂ ಕೈಗೆ ಬರುವ ಸಾಮಾನನ್ನು ಕೊಂಡುಕೊಳ್ಳಿ. ವರ್ಷಕ್ಕೊಂದೆರಡು ಸಲ ಬೇಕಾಗುವ 70-200 ಎಫ್/2.8, ಮ್ಯಾಕ್ರೋ, 400 ಎಂಎಂ ಇವೆಲ್ಲ ಬಾಡಿಗೆಗೆ ತನ್ನಿ. ಆದರೆ ಕೆಲಸದ ದಿನ ಬೆಳಗ್ಗೆ ಹೋಗಿ ತರಬೇಡಿ, ಹಿಂದಿನ ದಿನವೇ ತನ್ನಿ. ಅಂಗಡಿಯಲ್ಲೇ ಲೆನ್ಸನ್ನು ನಿಮ್ಮ ಕ್ಯಾಮೆರಾಕ್ಕೆ ಹಾಕಿ ಬಿಳಿ ಗೋಡೆಯೊಂದನ್ನು ಎಫ್/16ರಲ್ಲಿ ತೆಗೆದು ಕಲೆಗಳಿವೆಯಾ ನೋಡಿ. ಆಮೇಲೆ ಅಪರ್ಚರ್ ಪೂರ್ತಿ ತೆರೆದು, ಹತ್ತಿರ ಒಂದು, ದೂರ ಒಂದು ಫೋಕಸ್ ಮಾಡಿ ದೊಡ್ಡದು ಮಾಡಿ ನೋಡಿ. ಮೌಂಟ್ ಸಡಿಲ ಇದ್ದರೆ, ಗಾಜಿನ ಮೇಲೆ ಗೀರು ಇದ್ದರೆ ಅಲ್ಲೇ ಫೋಟೋ ತೆಗೆದು ಅಂಗಡಿಯವರಿಗೆ ತೋರಿಸಿ, ರಸೀದಿಯ ಮೇಲೆ ಬರೆಸಿಕೊಂಡೇ ಹೊರಡಿ.